ರೇಷ್ಮೆಯ ನಿಲುವಂಗಿ ತೊಟ್ಟ ವಕೀಲೆ: ಡೇಮ್ ರೋಸ್ ಹೈಲ್‌ಬ್ರಾನ್

ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ಹೆಸರನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ ಎಂಬುದು ಇಂದು ನಮಗೆಲ್ಲ ಗೊತ್ತಿರುವ ಸಂಗತಿ. ಆದರೆ 1975ರಲ್ಲಿ ಇಂಗ್ಲೆಂಡಿನ ಕಾನೂನಿನಲ್ಲಾಗಲಿ ಭಾರತದ ಕಾನೂನಿನಲ್ಲಾಗಲಿ ಅಂಥ ರಕ್ಷಣೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಅದಕ್ಕೆ ದಾರಿ ಮಾಡಿದ ಸಮಿತಿಯ ಅಧ್ಯಕ್ಷೆ ಡೇಮ್ ರೋಸ್ ಹೈಲ್‌ಬ್ರಾನ್. ‘ಡೇಮ್’ ಎಂದರೆ ಗಂಡಸರಿಗೆ ಕೊಡುವ ‘ಸರ್’ ಬಿರುದಿಗೆ ಸಮಾನವಾದ, ಹೆಂಗಸರಿಗೆ ಸಲ್ಲುವ ಬಿರುದು.

ರೋಸ್ ಹುಟ್ಟಿದ್ದು 1914ರ ಆಗಸ್ಟ್ 19ರಂದು, ಬಂದರು ನಗರ ಲಿವರ್‌ಪೂಲಿನ ಯಹೂದಿ ಕುಟುಂಬದಲ್ಲಿ. ತಂದೆ ವಸತಿಗೃಹ ನಡೆಸುತ್ತಿದ್ದರು. ಇಂಗ್ಲೆಂಡಿನಲ್ಲಿ ಹೆಂಗಸರು ವಕೀಲರಾಗಬಹುದು ಎಂಬ ಕಾಯ್ದೆ ಬಂದದ್ದೇ 1919ರಲ್ಲಿ. ಆಗ ಈಕೆ ಐದು ವರ್ಷದ ಮಗು. 1935ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದಿಂದ ಪ್ರಥಮ ದರ್ಜೆಯಲ್ಲಿ ಕಾನೂನು ಪದವಿ ಪಡೆದರು. ಮರುವರ್ಷ ಲಂಡನ್ನಿನ ಗ್ರೇಸ್ ಇನ್ ವಿದ್ಯಾರ್ಥಿವೇತನ ಗಳಿಸಿ, 1939ರಲ್ಲಿ ಬ್ಯಾರಿಸ್ಟರ್ ಆದರು.

ವೆಸ್ಟ್ ಇಂಡೀಸಿನ ಹೆಸರಾಂತ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಅವರಿಗೆ 1943ರಲ್ಲಿ ಲಂಡನ್ನಿನ ಹೋಟೆಲೊಂದು ಕಪ್ಪು ಬಣ್ಣದ ಕಾರಣಕ್ಕೆ ತಂಗಲು ಅವಕಾಶ ಕೊಡಲಿಲ್ಲ. ಅವರು ದಾವೆ ಹೂಡಿದಾಗ ಅವರ ಪರ ನಿಂತ ಹಿರಿಯ ವಕೀಲ ಸರ್ ಪ್ಯಾಟ್ರಿಕ್ ಹೇಸ್ಟಿಂಗ್ಸ್. ಕಿರಿಯ ವಕೀಲೆ ರೋಸ್. 1944ರಲ್ಲಿ ತೀರ್ಪು ಕಾನ್‌ಸ್ಟಂಟೈನ್ ಪರವಾಗಿ ಬಂತು. ಪರಿಹಾರ ಐದು ಗಿನಿ ಮಾತ್ರ. ಆದರೆ ಮೊತ್ತಕ್ಕಿಂತ ದೊಡ್ಡದು ಆ ಗೆಲುವು.

1945ರಲ್ಲಿ ಡಾ. ನಥಾನಿಯಲ್ ಬರ್ಸ್ಟೈನ್ ಅವರನ್ನು ಮದುವೆಯಾದರೂ ವೃತ್ತಿಯಲ್ಲಿ ತಮ್ಮ ಹೆಸರನ್ನೇ ಉಳಿಸಿಕೊಂಡರು. 1949ರ ಜನವರಿಯಲ್ಲಿ ಮಗಳು ಹಿಲರಿ ಹುಟ್ಟಿದಳು. ಮೂರೇ ತಿಂಗಳಿಗೆ, ಏಪ್ರಿಲ್‌ನಲ್ಲಿ, ರೋಸ್ ಮತ್ತು ಹೆಲೆನಾ ನಾರ್ಮಂಟನ್ ಇಬ್ಬರೂ ಇಂಗ್ಲೆಂಡಿನ ಮೊದಲ ಮಹಿಳಾ ‘ಕಿಂಗ್ಸ್ ಕೌನ್ಸೆಲ್’ ಆದರು. ಈ ಪದವಿ ಪಡೆದ ಹಿರಿಯ ವಕೀಲರು ರೇಷ್ಮೆಯ ನಿಲುವಂಗಿ ತೊಡುತ್ತಾರೆ. ಆಗ ರೋಸ್ ವಯಸ್ಸು 34. ಮಡಿಲಲ್ಲಿ ಹಸುಗೂಸು, ಮೈಮೇಲೆ ರೇಷ್ಮೆಯ ನಿಲುವಂಗಿ!

ಮರುವರ್ಷವೇ ದೊಡ್ಡ ಪರೀಕ್ಷೆ. ಲಿವರ್‌ಪೂಲಿನ ಕ್ಯಾಮಿಯೋ ಚಿತ್ರಮಂದಿರದ ಮ್ಯಾನೇಜರ್ ಮತ್ತು ಅವರ ಸಹಾಯಕನನ್ನು ಯಾರೋ ಗುಂಡಿಟ್ಟು ಕೊಂದಿದ್ದರು. ಆರೋಪಿ ಜಾರ್ಜ್ ಕೆಲಿ. ಕೊಲೆ ಮೊಕದ್ದಮೆಯಲ್ಲಿ ಮುಖ್ಯ ವಕೀಲೆಯಾಗಿ ಹೆಂಗಸೊಬ್ಬಳು ವಾದಿಸಿದ್ದು ಇಂಗ್ಲೆಂಡಿನಲ್ಲಿ ಅದೇ ಮೊದಲು. ಮೊದಲ ವಿಚಾರಣೆಯಲ್ಲಿ ಜ್ಯೂರಿಗಳಿಗೆ ಒಮ್ಮತ ಬರಲಿಲ್ಲ. ಎರಡನೆಯದರಲ್ಲಿ ಕೆಲಿ ಅಪರಾಧಿ ಎಂದಾಯಿತು. 1950ರ ಮಾರ್ಚ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ಪೊಲೀಸರು ಬಹಿರಂಗಪಡಿಸದ ಹೇಳಿಕೆಯೊಂದು ಎಷ್ಟೋ ವರ್ಷಗಳ ನಂತರ ಬೆಳಕಿಗೆ ಬಂದು, 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು. ಆಗಿನ್ನೂ ರೋಸ್ ಬದುಕಿದ್ದರು. ಕಕ್ಷಿದಾರ ಮಾತ್ರ ಸತ್ತು ಐವತ್ತಮೂರು ವರ್ಷವಾಗಿತ್ತು.

ಮುಂದೆ ಒಂದಾದ ಮೇಲೊಂದು ‘ಮೊದಲು’ಗಳು. 1956ರಲ್ಲಿ ಬರ್ನ್ಲಿ ಪಟ್ಟಣದಲ್ಲಿ ‘ರೆಕಾರ್ಡರ್’ ಎಂಬ ನ್ಯಾಯಾಧಿಕಾರಿಯಾಗಿ ನೇಮಕವಾದ ಮೊದಲ ಮಹಿಳೆ. 1972ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ನ್ಯಾಯಪೀಠವೇರಿದ ಮೊದಲ ಮಹಿಳೆ. 1974ರಲ್ಲಿ ಹೈಕೋರ್ಟ್ ನ್ಯಾಯಾಧೀಶೆ, ಜೊತೆಗೆ ಡೇಮ್ ಬಿರುದು. ಅಲ್ಲಿನ ಹೈಕೋರ್ಟಿಗೆ ಇವರು ಎರಡನೆಯವರು. ಎಲಿಜಬೆತ್ ಲೇನ್ 1965ರಲ್ಲೇ ನೇಮಕಗೊಂಡಿದ್ದರು. ಅದಕ್ಕೂ ಆರು ವರ್ಷ ಮೊದಲು, 1959ರಲ್ಲಿ, ನಮ್ಮ ಅನ್ನಾ ಚಾಂಡಿ ಕೇರಳ ಹೈಕೋರ್ಟಿನ ನ್ಯಾಯಾಧೀಶೆಯಾಗಿದ್ದರು ಎಂಬುದನ್ನು ಇಲ್ಲಿ ನೆನೆಯಲೇಬೇಕು.

1975ರಲ್ಲಿ ಒಂದು ಅತ್ಯಾಚಾರ ಪ್ರಕರಣದ ತೀರ್ಪು ಇಂಗ್ಲೆಂಡನ್ನೇ ಅಲುಗಿಸಿತು. ಹೆಣ್ಣು ಒಪ್ಪಿದ್ದಾಳೆ ಎಂದು ಆರೋಪಿ ಪ್ರಾಮಾಣಿಕವಾಗಿ ನಂಬಿದ್ದರೆ ಸಾಕು, ಆ ನಂಬಿಕೆಗೆ ತಕ್ಕ ಕಾರಣ ಇಲ್ಲದಿದ್ದರೂ ಅವನು ಅಪರಾಧಿಯಲ್ಲ ಎಂಬ ತತ್ತ್ವವನ್ನು ಅಲ್ಲಿನ ಅತ್ಯುನ್ನತ ಪೀಠ ಎತ್ತಿ ಹಿಡಿಯಿತು. ಜನರು ಸಿಟ್ಟಿಗೆದ್ದಾಗ ಸರ್ಕಾರ ರೋಸ್ ಅಧ್ಯಕ್ಷತೆಯಲ್ಲಿ ಸಲಹಾ ಸಮಿತಿ ನೇಮಿಸಿತು. ಆ ವರ್ಷದ ಡಿಸೆಂಬರ್‌ನಲ್ಲೇ ವರದಿ ಸಿದ್ಧ. ದೂರು ಕೊಟ್ಟವಳ ಹೆಸರು ಗುಪ್ತವಾಗಿರಬೇಕು. ನ್ಯಾಯಾಧೀಶರ ಅನುಮತಿ ಇಲ್ಲದೆ ಅವಳ ಹಿಂದಿನ ಲೈಂಗಿಕ ಬದುಕನ್ನು ಕೆದಕಬಾರದು. ಈ ಎರಡೂ ಅಂಶಗಳು 1976ರ ಕಾಯ್ದೆಯಲ್ಲಿ ಸೇರಿದವು.

ನಮ್ಮಲ್ಲಿ ಮಹಾರಾಷ್ಟ್ರದ ಆದಿವಾಸಿ ಹುಡುಗಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆರೋಪಿ ಪೊಲೀಸರನ್ನು ಬಿಟ್ಟಾಗ ಮಹಿಳೆಯರು ಬೀದಿಗಿಳಿದರು. ಅದರ ಫಲವಾಗಿ 1983ರಲ್ಲಿ ಕಾನೂನಿಗೆ ತಿದ್ದುಪಡಿ ಬಂದು, ಸಂತ್ರಸ್ತೆಯ ಹೆಸರು ಪ್ರಕಟಿಸುವುದು ಅಪರಾಧವಾಯಿತು. ವಿಪರ್ಯಾಸವೆಂದರೆ, ಆ ಪ್ರಕರಣವನ್ನು ನಾವು ಇಂದಿಗೂ ಆ ಹುಡುಗಿಯ ಹೆಸರಿನಿಂದಲೇ ಕರೆಯುತ್ತೇವೆ. ದೂರು ಕೊಟ್ಟವಳ ನಡತೆ ಸರಿಯಿಲ್ಲ ಎಂದು ತೋರಿಸಿ ಅವಳ ಸಾಕ್ಷ್ಯವನ್ನೇ ಅಲ್ಲಗಳೆಯಲು ಬಿಡುತ್ತಿದ್ದ ಸಾಕ್ಷ್ಯ ಕಾಯ್ದೆಯ ನಿಯಮವನ್ನು ತೆಗೆದುಹಾಕಲು 2002ರ ತಿದ್ದುಪಡಿಯೇ ಬರಬೇಕಾಯಿತು.

ನ್ಯಾಯಾಧೀಶೆಯಾಗಿ ರೋಸ್ ಕೊಟ್ಟ ಒಂದು ತೀರ್ಪೂ ಮರೆಯುವಂಥದ್ದಲ್ಲ. ಬುದ್ಧಿ ಬೆಳವಣಿಗೆ ಕುಂಠಿತವಾಗಿದ್ದ ಹನ್ನೊಂದು ವರ್ಷದ ಬಾಲಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ತಾಯಿ ಮತ್ತು ವೈದ್ಯರು ನಿರ್ಧರಿಸಿದ್ದರು. ತಾಯಾಗುವ ಹಕ್ಕು ಹೆಣ್ಣಿನ ಮೂಲಭೂತ ಹಕ್ಕು, ಆ ಮಗುವಿನ ಒಪ್ಪಿಗೆ ಇಲ್ಲದೆ ಅದನ್ನು ಕಸಿಯಬಾರದು ಎಂದು ರೋಸ್ ತಡೆದರು. ತಾಯಿಯ ಆತಂಕ ಸುಳ್ಳಾಗಿರಲಿಲ್ಲ. ಆದರೂ ಮಾತನಾಡಲಾರದವಳ ಪರವಾಗಿ ಯಾರಾದರೂ ಯೋಚಿಸಬೇಕಿತ್ತು.

1985ರಲ್ಲಿ ರೋಸ್ ಗ್ರೇಸ್ ಇನ್ ಸಂಸ್ಥೆಯ ಮುಖ್ಯಸ್ಥೆಯಾದರು. 1988ರಲ್ಲಿ ನಿವೃತ್ತರಾಗಿ, 2005ರ ಡಿಸೆಂಬರ್ 8ರಂದು ತೀರಿಕೊಂಡರು. ಮಗಳು ಹಿಲರಿಯೂ ತಾಯಿಯಂತೆ ರೇಷ್ಮೆಯ ನಿಲುವಂಗಿ ತೊಟ್ಟರು. ತಾಯಿಯ ಜೀವನಚರಿತ್ರೆಯನ್ನೂ ಬರೆದರು.

ರೋಸ್ ಅವರ ಹೆಸರು ಅಂದಿನ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬರುತ್ತಿತ್ತು. ಆದರೆ ಅವರು ಮಾಡಿದ ದೊಡ್ಡ ಕೆಲಸ ಉಳಿದಿರುವುದು ಪತ್ರಿಕೆಗಳಲ್ಲಿ ಅಚ್ಚಾಗದೆ ಉಳಿದ ಸಾವಿರಾರು ಹೆಣ್ಣುಮಕ್ಕಳ ಹೆಸರುಗಳಲ್ಲಿ. ನೊಂದವಳೊಬ್ಬಳ ಹೆಸರೋ ಫೋಟೋವೋ ನಮ್ಮ ವಾಟ್ಸಾಪ್ ಗುಂಪಿಗೆ ಬಂದಾಗ ಅದನ್ನು ಮುಂದಕ್ಕೆ ಕಳಿಸದಿರುವುದು, ಗೆಳತಿಯರೇ, ಆ ಕೆಲಸದಲ್ಲಿ ನಮ್ಮ ಪಾಲು.