ಅಂಗೈಯಗಲದ ಪರದೆಗೆ ಮದುವೆ ಕ್ಯಾಸೆಟ್ಟು



ಯಾವಾಗಲೂ ದನಿಯಲ್ಲಿ ಸಿಗುವ ನಾನು ಈ ಸಲ ಅಕ್ಷರದಲ್ಲಿ ಸಿಗುತ್ತಿದ್ದೇನೆ. ಒಂದು ಹಳೆಯ ಸಾಮಾನಿನ ಚರಿತ್ರೆ ಹೇಳೋಣ ಅಂತ. ಹಳೆಯದು ಅಂದರೆ ಗೋಲ್ಕೊಂಡದಷ್ಟು ಹಳೆಯದಲ್ಲ, ಇಪ್ಪತ್ತು ವರ್ಷದ ಆಚೀಚಿನದು. ನಿಮ್ಮ ಮನೆಯ ಅಟ್ಟದ ಮೇಲೋ, ಬೀರುವಿನ ಕೆಳಗಿನ ಖಾನೆಯಲ್ಲೋ ಅದು ಇನ್ನೂ ಇದ್ದರೂ ಇರಬಹುದು. ಕಪ್ಪು ಬಣ್ಣ, ಎರಡೂ ಕೈಯಲ್ಲಿ ಹಿಡಿಯುವ ಆಕಾರ, ನಡುವೆ ಹೊಳೆಯುವ ಪರದೆ. ಅದೇ ಪ್ಲೇಸ್ಟೇಷನ್ ಪೋರ್ಟಬಲ್, ನಮ್ಮ ಹುಡುಗರ ಬಾಯಲ್ಲಿ ಪಿಎಸ್‌ಪಿ.

ಸೋನಿ ಕಂಪನಿ ಇದನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದು 2004ರ ಡಿಸೆಂಬರ್ 12ರಂದು. ಅಮೆರಿಕಕ್ಕೆ 2005ರ ಮಾರ್ಚ್‌ನಲ್ಲಿ ಬಂತು. ಆಟದ ಯಂತ್ರವೇ ನಿಜ. ಆದರೆ ಅದರ 4.3 ಇಂಚಿನ ಅಗಲ ಪರದೆ ನೋಡಿದವರಿಗೆಲ್ಲ ಬಂದ ಮೊದಲ ಪ್ರಶ್ನೆ ಒಂದೇ: "ಇದರಲ್ಲಿ ಸಿನಿಮಾ ನೋಡಬಹುದಾ?" ಆಗ ನಮ್ಮ ಮೊಬೈಲುಗಳ ಪರದೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹಾಗಾಗಿ ಆ ಆಸೆ ತಪ್ಪೇನಲ್ಲ.

ನೋಡಬಹುದಿತ್ತು. ಆದರೆ ಸುಲಭವಾಗಿ ಅಲ್ಲ. ಯುಎಂಡಿ ಎಂಬ ಪುಟ್ಟ ತಟ್ಟೆಯಲ್ಲಿ ಸಿನಿಮಾಗಳು ಮಾರಾಟಕ್ಕೆ ಬಂದವು. ಖಾಲಿ ಯುಎಂಡಿಯನ್ನು ಮಾತ್ರ ಕಂಪನಿ ಮಾರಲಿಲ್ಲ. ನಮ್ಮ ಕನ್ನಡ ಚಿತ್ರವನ್ನೋ, ಮನೆಯ ಮದುವೆಯನ್ನೋ ಅದರಲ್ಲಿ ನೋಡಬೇಕಾದರೆ ಇದ್ದ ದಾರಿ ಒಂದೇ: ಕಂಪ್ಯೂಟರಿನಲ್ಲಿ ವಿಡಿಯೋವನ್ನು ಕನ್ವರ್ಟ್ ಮಾಡಿ, ಮೆಮೊರಿ ಸ್ಟಿಕ್ ಡ್ಯುಯೋ ಎಂಬ ಕಾರ್ಡಿಗೆ ತುಂಬಿಸುವುದು. ಯಂತ್ರದ ಜೊತೆ ಬರುತ್ತಿದ್ದ ಕಾರ್ಡು 32 ಎಂಬಿ. ಅದರಲ್ಲಿ ನಾಲ್ಕು ಹಾಡು ಹಿಡಿದರೆ ಹೆಚ್ಚು!

ಮಾಮಾ ತಂದ ಯಂತ್ರ

ನಮ್ಮ ಮನೆಗೆ ಪಿಎಸ್‌ಪಿ ಬಂದದ್ದು 2007ರ ಬೇಸಿಗೆಯಲ್ಲಿ, ದುಬೈಯಿಂದ ಬಂದ ಮಾಮಾನ ಚೀಲದಲ್ಲಿ. ನಾವು ಕಲಬುರಗಿಯವರು, ಅಪ್ಪನ ನೌಕರಿಯಿಂದಾಗಿ ಕಾಚಿಗುಡದಲ್ಲಿ ಬಾಡಿಗೆ ಮನೆ. ನನಗೆ ಆಗ ಹದಿನೆಂಟು. ಯಂತ್ರ ಮಾಮಾನ ಮಗನದು, ರಜೆ ಮುಗಿಯುವ ತನಕ ಹಕ್ಕು ಇಬ್ಬರದೂ. ಸಿಕಂದರಾಬಾದಿನ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ 512 ಎಂಬಿ ಕಾರ್ಡು ಕೊಂಡೆವು. ಕಂಪ್ಯೂಟರಿನ ಸಾಮಾನು ಬೇಕೆಂದರೆ ಊರಿನ ಹುಡುಗರೆಲ್ಲ ಹೋಗುತ್ತಿದ್ದುದು ಅಲ್ಲಿಗೇ, ನಿಮಗೂ ನೆನಪಿರಬೇಕು.

ಆಗ ಆಯಿ ಒಂದು ಮಾತು ಕೇಳಿದಳು. "ಅಲ್ಲೋ, ಇದರಾಗ ನಿಮ್ಮಜ್ಜನ್ನ ನೋಡಾಕ ಬರ್ತದೇನು?"

ನಮ್ಮಪ್ಪ ಅವ್ವನ ಮದುವೆ 1988ರಲ್ಲಿ ಕಲಬುರಗಿಯಲ್ಲಿ ಆಗಿತ್ತು. ಅದರ ವಿಎಚ್‌ಎಸ್ ಕ್ಯಾಸೆಟ್ಟು ಮನೆಯಲ್ಲಿತ್ತು. ಅಜ್ಜ ತೀರಿಕೊಂಡದ್ದು 1991ರಲ್ಲಿ. ಅಜ್ಜ ನಡೆದಾಡುವುದು, ಮಾತಾಡುವುದು ಇದ್ದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಮೂರು ಗಂಟೆಯ ಅದನ್ನು ಒಂದು ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸಿದೆವು. ಉಳಿದ ಕೆಲಸ ನನ್ನದು.

ಏನು ಉಳಿಯಿತು, ಏನು ಹೋಯಿತು

ಪಿಎಸ್‌ಪಿ ವಿಡಿಯೋ 9 ಎಂಬ ಉಚಿತ ತಂತ್ರಾಂಶವೊಂದಿತ್ತು. ಇಂಥ ಎಷ್ಟೋ ಕನ್ವರ್ಟರುಗಳ ಹೊಟ್ಟೆಯೊಳಗೆ ದುಡಿಯುತ್ತಿದ್ದುದು ಎಫ್‌ಎಫ್‌ಎಂಪೆಗ್; ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಶುರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶ ಅದು. ಇಂದಿಗೂ ವಿಡಿಯೋ ಜಗತ್ತಿನ ಅರ್ಧ ಭಾರವನ್ನು ಅದೇ ಹೊರುತ್ತಿದೆ ಎಂದರೂ ಸಲ್ಲುತ್ತದೆ.

ಕನ್ವರ್ಟ್ ಅಂದರೆ ಆಕಾರ ಬದಲಿಸುವುದಷ್ಟೇ ಅಲ್ಲ ಕೇಳುಗರೇ, ಎಸೆಯುವುದು ಕೂಡ. ಲೆಕ್ಕ ನೋಡಿ. ಡಿವಿಡಿಯ ಒಂದು ಚಿತ್ರ 720×576, ಅಂದರೆ 4,14,720 ಚುಕ್ಕಿ. ಪಿಎಸ್‌ಪಿಯ ಪರದೆ 480×272 ಇದ್ದರೂ, ಶುರುವಿನಲ್ಲಿ ಕಾರ್ಡಿನಿಂದ ಅದು ಒಪ್ಪುತ್ತಿದ್ದುದು 320×240 ಅಳತೆಯನ್ನು. ಅಂದರೆ 76,800 ಚುಕ್ಕಿ. ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಚುಕ್ಕಿಗಳು ಅಲ್ಲೇ ಹೋದವು.

ಉಳಿದ ಚುಕ್ಕಿಗಳನ್ನೂ ಪೂರ್ತಿ ಬರೆದಿಡುವುದಿಲ್ಲ. ಮಂಟಪದ ಹಿಂದಿನ ಪರದೆ ಅಲ್ಲಾಡದೆ ನಿಂತಿದ್ದರೆ ಅದನ್ನು ಒಮ್ಮೆ ಬರೆದು, ಮುಂದಿನ ಚಿತ್ರಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತಾರೆ. ಎಂಪೆಗ್ ಎಂಬ ವಿಧಾನದ ಮುಖ್ಯ ಗುಟ್ಟು ಇದೇ. ಪುರೋಹಿತರು ಕೂತು ಮಂತ್ರ ಹೇಳುವಾಗ ಚಿತ್ರ ಚೆನ್ನ. ಅಕ್ಷತೆ ಬಿತ್ತೋ, ಕತೆ ಮುಗಿಯಿತು! ಸಾವಿರ ಕಾಳು ಸಾವಿರ ಕಡೆ ಹಾರುತ್ತವೆ, ಎಲ್ಲವೂ ಬದಲಾಗುತ್ತದೆ, ಬರೆಯಲು ಜಾಗ ಸಾಲದೆ ಮುಖಗಳೆಲ್ಲ ಚೌಕ ಚೌಕವಾಗಿ ಒಡೆಯುತ್ತವೆ. ಮದುವೆಯ ಮುಖ್ಯ ಗಳಿಗೆಯೇ ಎಲ್ಲಕ್ಕಿಂತ ಕೆಟ್ಟ ಚಿತ್ರ. ಇದು ನನ್ನ ಫೈಲಿಗೊಂದಕ್ಕೇ ಬಂದ ಪಾಡಲ್ಲ, ಆ ಕಾಲದ ಮದುವೆ ವಿಸಿಡಿ ಇದ್ದರೆ ಹಾಕಿ ನೋಡಿ.

ವಿಸಿಡಿ ಅಂದೆನಲ್ಲ, ಅದು ಇದರ ಅಣ್ಣ. 1993ರಲ್ಲಿ ಗೊತ್ತುಮಾಡಿದ ಅಳತೆ, 352×288. ಒಂದು ತಟ್ಟೆಯಲ್ಲಿ 74 ನಿಮಿಷ. ಅದಕ್ಕೇ ನಮ್ಮ ಎರಡೂವರೆ ಗಂಟೆಯ ಚಿತ್ರಗಳಿಗೆ ಎರಡು ಮೂರು ತಟ್ಟೆ ಬೇಕಾಗುತ್ತಿತ್ತು, ಇಂಟರ್ವಲ್ ಇಲ್ಲದ ಕಡೆ ನಾವು ಎದ್ದು ತಟ್ಟೆ ಬದಲಿಸುತ್ತಿದ್ದೆವು.

ಕಾರ್ಡಿನಲ್ಲಿ ಜಾಗ ಕಡಿಮೆ. ಮಾಮಾನ ಮಗನಿಗೆ ಕಾರ್ಟೂನೂ ಬೇಕು. ಮೂರು ಗಂಟೆಯಲ್ಲಿ ನಲವತ್ತು ನಿಮಿಷ ಆರಿಸಿದೆ. ಚಿತ್ರಕ್ಕೆ ಸೆಕೆಂಡಿಗೆ 384 ಕಿಲೋಬಿಟ್, ದನಿಗೆ 128. ಒಟ್ಟು ಸುಮಾರು 150 ಎಂಬಿ. ಪೆಂಟಿಯಂ ಕಂಪ್ಯೂಟರು ಎರಡು ಗಂಟೆ ಗುರುಗುಟ್ಟಿತು, ನಡುವೆ ಒಮ್ಮೆ ಕರೆಂಟು ಹೋಗಿ ಮೊದಲಿಂದ ಶುರು. ಕೊನೆಗೆ ಎಂಪಿ ರೂಟ್ ಎಂಬ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರು ಮಾಡಿ ಫೈಲು ಇಡಬೇಕು. ಫೈಲಿನ ಹೆಸರು "ಎಂ4ವಿ" ಎಂದು ಶುರುವಾಗಿ ಐದು ಅಂಕಿಗಳಿಂದ ಮುಗಿಯಲೇಬೇಕು. ಒಂದಂಕಿ ತಪ್ಪಿದರೂ ಯಂತ್ರ "ಏನೂ ಇಲ್ಲ" ಅನ್ನುತ್ತಿತ್ತು. ಮುಂದೆ ಈ ಕಟ್ಟಳೆ ಸಡಿಲವಾಯಿತು. 2007ರ ಮಾರ್ಚಿನಲ್ಲಿ ಬಂದ 3.30 ತಂತ್ರಾಂಶದಲ್ಲಿ 720×480ರ ತನಕ ದೊಡ್ಡ ಚಿತ್ರವೂ ಓಡತೊಡಗಿತು. ನಮ್ಮ ಕೈಯಲ್ಲಿದ್ದ ಯಂತ್ರಕ್ಕೆ ಅದನ್ನು ಹಾಕಿರಲಿಲ್ಲ. ಅಂಥದ್ದೊಂದು ಬಂದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಆಯಿ ಕನ್ನಡಕ ಹಾಕಿಕೊಂಡು ನೋಡಿದಳು. ಹಳೆಯ ಟಿವಿಯ ಚೌಕಟ್ಟನ್ನು ಅಗಲ ಪರದೆಗೆ ಎಳೆದಿದ್ದರಿಂದ ಎಲ್ಲರೂ ದಪ್ಪ ದಪ್ಪ. "ಇವರು ಇಷ್ಟು ಉಂಡಿದ್ದು ಯಾವಾಗ?" ಅಂತ ನಕ್ಕಳು. ಅಂಗೈಯಗಲದಲ್ಲಿ ಚಿತ್ರ ಸ್ವಚ್ಛವಾಗಿಯೇ ಕಾಣುತ್ತಿತ್ತು.

ಹನ್ನೆರಡು ವರ್ಷದ ಮೇಲೆ

ಈಗ ತಪ್ಪಿನ ಕತೆ. "ಡಿವಿಡಿ ಆಯ್ತಲ್ಲ" ಎಂದು ಮನೆ ಬದಲಿಸುವಾಗ ಬೂಜು ಹಿಡಿದಿದ್ದ ಕ್ಯಾಸೆಟ್ಟನ್ನು ನಾವೇ ಎಸೆದೆವು. 2019ರಲ್ಲಿ, ಆಯಿಗೆ ಹಾಸಿಗೆ ಬಿಟ್ಟು ಏಳಲಾಗದಂತಾದಾಗ, ಡಿವಿಡಿ ಹುಡುಕಿ ಹಾಕಿದೆವು. ಅದು ಓದಲಿಲ್ಲ. ಮನೆಯಲ್ಲಿ ಬರೆಯುವ ಡಿವಿಡಿಯ ಬಣ್ಣದ ಪದರು ಬಿಸಿಲಿಗೆ, ತೇವಕ್ಕೆ ಹಾಳಾಗುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಕೈಬಿಟ್ಟಿತ್ತು. ಕ್ಯಾಸೆಟ್ಟಿದ್ದಿದ್ದರೂ ಪರದಾಡಬೇಕಿತ್ತು. ಪಿಎಸ್‌ಪಿಯೂ 2014ರಲ್ಲೇ ನಿಂತುಹೋಗಿತ್ತು. ಉಳಿದದ್ದು ಹಳೆಯ ಹಾರ್ಡ್‌ಡಿಸ್ಕಿನ ಮೂಲೆಯಲ್ಲಿದ್ದ ಆ 150 ಎಂಬಿ ಫೈಲು ಒಂದೇ.

43 ಇಂಚಿನ ಟಿವಿಯಲ್ಲಿ ಹಾಕಿದೆ. ಅಜ್ಜನ ಮುಖ ಇಲ್ಲ. ಮುಖ ಇರಬೇಕಾದಲ್ಲಿ ಕಂದು ಚೌಕಗಳು. ನಾನು ಬಿಟ್ಟುಬಿಟ್ಟ ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಯಾರಿದ್ದರೋ, ಅವರು ಹೋದರು. ಆದರೆ ಊಟದ ಪಂಕ್ತಿಯ ಹತ್ತಿರ ಒಂದು ದನಿ ಗಟ್ಟಿಯಾಗಿ ಕೇಳಿತು: "ಯಾರೂ ಉಣ್ಣಲಾರದ ಹೋಗಬ್ಯಾಡ್ರೆಪಾ!"

ದನಿ ಹಾಗೇ ಇತ್ತು. ಚಿತ್ರಕ್ಕೆ ಹೋಲಿಸಿದರೆ ದನಿಗೆ ಬೇಕಾದ ಜಾಗ ಬಹಳ ಕಡಿಮೆ. 128 ಕಿಲೋಬಿಟ್ ಅದಕ್ಕೆ ಧಾರಾಳವಾಯಿತು. ಆಯಿ ಕಣ್ಣು ಮುಚ್ಚಿಕೊಂಡು ಅದನ್ನೇ ಮೂರು ಸಲ ಹಾಕಿಸಿ ಕೇಳಿದಳು. ಟಿವಿ ಕಡೆ ನೋಡಲೇ ಇಲ್ಲ. ರೇಡಿಯೋದವನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ನಿಮಗೊಂದು ಮಾತು

ಮೊದಲ ಕನ್ನಡ ವಾಕ್ಚಿತ್ರ "ಸತಿ ಸುಲೋಚನ" 1934ರಲ್ಲಿ ಬಂತು. ಇಂದು ಅದರ ಒಂದು ಪ್ರತಿಯೂ ನಮ್ಮಲ್ಲಿಲ್ಲ. ಬಿಬಿಸಿಯಂಥ ಸಂಸ್ಥೆಯೂ 1960, 70ರ ದಶಕಗಳಲ್ಲಿ ಎಷ್ಟೋ ಕಾರ್ಯಕ್ರಮಗಳ ಟೇಪು ಅಳಿಸಿ ಮತ್ತೆ ಬಳಸಿತ್ತು. ಅವರಿಂದಲೇ ಆದ ತಪ್ಪು ನಮ್ಮಿಂದ ಆಗದೇ? ಆದರೆ ಅವರಿಗಿಂತ ನಮಗೆ ಸುಲಭದ ದಾರಿಗಳಿವೆ.

ಕನ್ವರ್ಟ್ ಮಾಡುವ ಕಾಲ ಮುಗಿಯಿತು ಅಂದುಕೊಳ್ಳಬೇಡಿ. ಅದು ಈಗ ಕಣ್ಣಿಗೆ ಕಾಣದೆ ನಡೆಯುತ್ತದೆ. ಯೂಟ್ಯೂಬು ನೀವು ಹಾಕಿದ ವಿಡಿಯೋವನ್ನು ತಾನೇ ಹಲವು ಅಳತೆಗೆ ಇಳಿಸುತ್ತದೆ. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದ ಮದುವೆ ವಿಡಿಯೋ ಸಣ್ಣದಾಗಿಯೇ ತಲುಪುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೆ ಹೋಗುತ್ತದೆ. ಕ್ಯಾಸೆಟ್ಟು ಇದ್ದರೆ, ಓಡಿಸುವ ಯಂತ್ರ ಸಿಗುವಾಗಲೇ ಪೂರ್ತಿ ಅಳತೆಗೆ, ಒಂದು ನಿಮಿಷವನ್ನೂ ಬಿಡದೆ ಮಾಡಿಸಿ. ಎರಡು ಕಡೆ ಇಡಿ. ಸಣ್ಣ ಪ್ರತಿ ನೋಡಲಿಕ್ಕೆ, ದೊಡ್ಡ ಪ್ರತಿ ಕಾಪಾಡಲಿಕ್ಕೆ. ಮತ್ತು ಫೈಲಿಗೆ ಅಂಕಿಯಲ್ಲ, ಹೆಸರಿಡಿ: ಯಾರ ಮದುವೆ, ಯಾವ ಊರು, ಯಾವ ವರ್ಷ.

ಆಯಿ ಈಗಿಲ್ಲ. ಅವಳ ದನಿ ನನ್ನ ಹತ್ತಿರ ಮೂರು ಕಡೆ ಇದೆ.

ಈ ಭಾನುವಾರ ನಿಮ್ಮ ಬೀರುವಿನ ಕೆಳಗಿನ ಖಾನೆ ಒಮ್ಮೆ ತೆಗೆದು ನೋಡಿ. ಏನು ಸಿಕ್ಕಿತೆಂದು ನಮಗೂ ತಿಳಿಸಿ. ಮತ್ತೆ ಸಿಗೋಣ, ದನಿಯಲ್ಲಿ.