ಮಳಖೇಡದ ಬಾಳಪಾಠಗಳು

ತಾಜಸುಲ್ತಾನಪುರದಿಂದ ಕಲಬುರಗಿ ದಾಟಿ ಸೇಡಂ ರಸ್ತೆ ಹಿಡಿದರೆ ಕಾಗಿಣಾ ನದಿಯ ದಂಡೆಯ ಮಳಖೇಡ ಸಿಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಮನಸ್ಸನ್ನೂ ಮೈಯನ್ನೂ ತಿದ್ದಿಕೊಳ್ಳಲು ಪುಸ್ತಕ ಹಿಡಿಯುವ ರೂಢಿ ಈ ಸೀಮೆಗೆ ಹೊಸದಲ್ಲ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಹೆಸರಿನಲ್ಲಿ ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಪುಟ್ಟ ಸಂಸ್ಕೃತ ಕೃತಿಯಿದೆ. ಪ್ರಶ್ನೆ ಕೇಳುತ್ತಲೇ ಉತ್ತರ ಕೊಡುತ್ತ, ಬದುಕುವ ಬಗೆಯನ್ನು ಕಲಿಸುತ್ತದೆ. ಕೆಲವರು ಅದನ್ನು ಶಂಕರಾಚಾರ್ಯರದೆನ್ನುತ್ತಾರೆ; ಆದರೆ ಹಳೆಯ ಟಿಬೆಟನ್ ಅನುವಾದ ಅಮೋಘವರ್ಷನನ್ನೇ ಹೆಸರಿಸುತ್ತದೆ. ಆ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಮೈಯ ಪಾಠ ಹೇಳಿದವನು ಜೈನ ಮುನಿ ಉಗ್ರಾದಿತ್ಯ. ಅವನ ಸಂಸ್ಕೃತ ವೈದ್ಯಗ್ರಂಥ ‘ಕಲ್ಯಾಣಕಾರಕ’ದ ಮದ್ದುಗಳಲ್ಲಿ ಮಾಂಸವಿಲ್ಲ, ಮದ್ಯವಿಲ್ಲ, ಜೇನೂ ಇಲ್ಲ. ಆ ಕಾಲದ ವೈದ್ಯದಲ್ಲಿ ಈ ಮೂರೂ ಸಾಮಾನ್ಯವಾಗಿದ್ದವು ಎಂಬುದನ್ನು ನೆನೆದರೆ ಅವನ ದಿಟ್ಟತನ ತಿಳಿಯುತ್ತದೆ. ವೈದ್ಯರೂ ವಿದ್ವಾಂಸರೂ ನೆರೆದಿದ್ದ ನೃಪತುಂಗನ ಸಭೆಯಲ್ಲಿ ಮಾಂಸಾಹಾರ ನಿಷ್ಫಲವೆಂದು ಅವನು ವಾದಿಸಿದ. ಆ ವಾದ ‘ಹಿತಾಹಿತ’ ಪ್ರಕರಣವಾಗಿ ಗ್ರಂಥದ ಕೊನೆಯಲ್ಲಿದೆ.

ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ನಾಟಕ ಕಲ್ಯಾಣಕಾರಕ’ವನ್ನು ರಚಿಸಿದ. ಅದು ಉಗ್ರಾದಿತ್ಯನ ಗ್ರಂಥದ್ದಲ್ಲ, ಜೈನ ಆಚಾರ್ಯ ಪೂಜ್ಯಪಾದರ ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ಕೃತಿಯ ಕನ್ನಡ ರೂಪ. ವೈದ್ಯ ಹೀಗೆ ಸಂಸ್ಕೃತ ಬಾರದವರಿಗೂ ಓದಿ ತಿಳಿಯುವಂತಾಯಿತು. ನಮ್ಮ ಶಾಲೆಗಳು ಹೇಳಿಕೊಡಬೇಕಾದ ಸಂಗತಿಯಿದು.

ಉಗ್ರಾದಿತ್ಯನ ಗ್ರಂಥ 1940ರಲ್ಲಿ ಸೊಲ್ಲಾಪುರದಲ್ಲಿ, ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದಿ ಅನುವಾದದೊಡನೆ ಅಚ್ಚಾಯಿತು.