ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಅಕ್ಷರಾಭ್ಯಾಸ: ಒಂದು ಹಿನ್ನೋಟ

ನೂರು ವರುಷಗಳ ಲೆಕ್ಕವನ್ನು ಬರೆಯಲು ಕುಳಿತಾಗ ಕಟ್ಟಡಗಳ ಮಾತು ಮೊದಲು ಬರುವುದು ಸಹಜ. ಆದರೆ ಒಂದು ಊರಿನ ಏಳಿಗೆಯನ್ನು ಅಳೆಯಲು ಕಲ್ಲುಗಾರೆಗಿಂತ ಮಿಗಿಲಾದ ಅಳತೆಗೋಲೊಂದಿದೆ: ಆ ಊರಿನ ಮಕ್ಕಳಲ್ಲಿ ಎಷ್ಟು ಮಂದಿ ಅಕ್ಷರ ಕಲಿತರು, ಎಷ್ಟು ಮಂದಿ ಕಲಿಯದೆ ಉಳಿದರು ಎಂಬುದು. ನವಲಗುಂದ, ಅಣ್ಣಿಗೇರಿಗಳ ಎರೆಯ ಸೀಮೆಯಲ್ಲಿ, ಕುಂದಗೋಳದ ಬಯಲಿನಲ್ಲಿ, ಕಲಘಟಗಿಯ ಮಲೆನಾಡಿನ ಸೆರಗಿನಲ್ಲಿ ಓದುಬರಹ ಸಾಗಿ ಬಂದ ದಾರಿಯನ್ನು ಸ್ಥೂಲವಾಗಿ ನೆನೆಯುವುದೇ ಈ ಬರಹದ ಉದ್ದೇಶ.

ಸರಕಾರಿ ಶಾಲೆಗಳು ಹುಟ್ಟುವ ಮೊದಲು ನಮ್ಮ ಸೀಮೆಯ ಮಕ್ಕಳಿಗೆ ವಿದ್ಯೆ ಹೇಳುತ್ತಿದ್ದವು ಕೂಲಿಮಠಗಳು. ಗುಡಿಯ ಪೌಳಿ, ಮಠದ ಪಡಸಾಲೆ, ಇಲ್ಲವೆ ಅನುಕೂಲಸ್ಥರ ಮನೆಯ ಕಟ್ಟೆ, ಇವೇ ಅವುಗಳ ನೆಲೆ. ಅಯ್ಯನವರಿಗೆ ಸಲ್ಲುತ್ತಿದ್ದುದು ಕಾಳುಕಡಿ ಮತ್ತು ಅಷ್ಟಿಷ್ಟು ಹಣ. ಮಹಾನವಮಿ ಬಂದಾಗ ಮಕ್ಕಳು ಮನೆಮನೆಗೆ ಹೋಗಿ ಚೌಪದ ಹಾಡಿ ಗುರುವಿಗೆ ಕಾಣಿಕೆ ಕೂಡಿಸಿ ತರುತ್ತಿದ್ದರು.

ಈ ಮಠಗಳ ಪಾಠಕ್ರಮದ ನಿಚ್ಚಳ ಚಿತ್ರವೊಂದು ನೆರೆಯ ಬಳ್ಳಾರಿ ಜಿಲ್ಲೆಯಿಂದ ನಮಗೆ ದೊರೆತಿದೆ. ಅಲ್ಲಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್‌ರು 1823ರಲ್ಲಿ ಮದರಾಸು ಸರಕಾರಕ್ಕೆ ಸಲ್ಲಿಸಿದ ವರದಿ ಅದು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಹೆಚ್ಚು. ಮಕ್ಕಳು ಮೊದಲು ಮರಳಿನಲ್ಲಿ ಬೆರಳಿನಿಂದ ತಿದ್ದಿ, ಬಳಿಕ ಓಲೆಗರಿಯ ಮೇಲೆ ಕಂಟದಿಂದಲೋ ಕಡತದ ಮೇಲೆ ಬಳಪದಿಂದಲೋ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿಟ್ಟುಕೊಳ್ಳುವ ಕಪ್ಪು ಹಲಗೆಯೇ ಈ ಕಡತ. ಮಗ್ಗಿಗಳನ್ನು ಒಕ್ಕೊರಲಿನಿಂದ ಹೇಳಿಸುತ್ತಿದ್ದರು. ಮುಂದುವರಿದ ಹುಡುಗರು ಹಿಂದಿನವರಿಗೆ ಪಾಠ ಹೇಳುತ್ತಿದ್ದರು. ಕಡಿಮೆ ವೆಚ್ಚದ ಈ ಕ್ರಮವನ್ನು ಕ್ಯಾಂಪ್‌ಬೆಲ್‌ರು ಮೆಚ್ಚಿಕೊಂಡರು. ಅರ್ಥ ತಿಳಿಯದೆ ಪದ್ಯಗಳನ್ನು ಬಾಯಿಪಾಠ ಮಾಡಿಸುವುದನ್ನು ಮಾತ್ರ ಒಪ್ಪಲಿಲ್ಲ.

ಆ ವರದಿಯ ಅಂಕೆಗಳೂ ಗಮನಾರ್ಹ. ಜಿಲ್ಲೆಯಲ್ಲಿ 533 ಶಾಲೆಗಳು, ಅವುಗಳಲ್ಲಿ ಕನ್ನಡದವು 235. ಕಲಿಯುವವರು ಒಟ್ಟು 6,641, ಎಂದರೆ ಜನಸಂಖ್ಯೆಯ ಸಾವಿರಕ್ಕೆ ಸುಮಾರು ಏಳು. ಹಿಂದೂ ವಿದ್ಯಾರ್ಥಿಗಳ ಪೈಕಿ ಹೆಣ್ಣುಮಕ್ಕಳು 60 ಮಾತ್ರ. ಕಲಿಸುವ ಬಗೆ ಗಟ್ಟಿಯಾಗಿತ್ತು. ಆದರೆ ಬಾಗಿಲು ಬಹು ಕಿರಿದಾಗಿತ್ತು.

ಧಾರವಾಡ ಸೀಮೆಯಲ್ಲಿ ಇನ್ನೊಂದು ತೊಡಕಿತ್ತು. ಪೇಶ್ವೆಯರ ಆಳಿಕೆ 1818ರಲ್ಲಿ ಮುಗಿದ ಮೇಲೂ ಕಚೇರಿಯ ಭಾಷೆ ಮರಾಠಿಯಾಗಿಯೇ ಉಳಿಯಿತು. ಶಾಲೆಯೂ ಕಚೇರಿಯ ಹಾದಿಯನ್ನೇ ಹಿಡಿಯಿತು. ಕುಂದಗೋಳವಂತೂ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮನೆಯಲ್ಲಿ ಆಡುವ ನುಡಿ ಒಂದು, ಶಾಲೆಯಲ್ಲಿ ಓದುವ ನುಡಿ ಇನ್ನೊಂದು ಆದಾಗ ರೈತನ ಮಗುವಿಗೆ ಕಲಿಕೆ ಇಮ್ಮಡಿ ಭಾರವಾಗುತ್ತದೆ. ಈ ಭಾರವನ್ನು ಇಳಿಸಲು ದುಡಿದ ಮಹನೀಯರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು (1834–1881). ಧಾರವಾಡದ ನಾರ್ಮಲ್ ಶಾಲೆಯಲ್ಲಿ ಕನ್ನಡ ಶಿಕ್ಷಕರನ್ನು ಸಿದ್ಧಗೊಳಿಸಿ, ಹಳ್ಳಿಹಳ್ಳಿಗಳಲ್ಲಿ ಕನ್ನಡ ಶಾಲೆಗಳು ತಲೆಯೆತ್ತುವಂತೆ ಮಾಡಿದ ಕೀರ್ತಿ ಅವರದು. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರ ಶಾಲೆಗಳೂ, ಮಂಗಳೂರಿನ ಅವರ ಮುದ್ರಣಾಲಯದಿಂದ ಹೊರಬಂದ ಕನ್ನಡ ಪುಸ್ತಕಗಳೂ, 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಈ ಕಾರ್ಯಕ್ಕೆ ಒತ್ತಾಸೆಯಾದವು. ಮುಂದೆ ಮುಲ್ಕಿ ಪರೀಕ್ಷೆಯಲ್ಲಿ ಉತ್ತೀರ್ಣನಾದ ಹಳ್ಳಿಯ ಹುಡುಗ ತಾನೇ ಕನ್ನಡ ಶಾಲೆಯ ಮಾಸ್ತರನಾಗಿ ಪಾಟಿ ಹಿಡಿದ ಮಕ್ಕಳ ಮುಂದೆ ನಿಲ್ಲುವಂತಾಯಿತು.

ಭಾಷೆಯ ತೊಡಕು ಹೀಗೆ ಸಡಿಲುತ್ತಿದ್ದಾಗಲೇ, ಹೊಸ ಶಾಲೆಯ ಬಾಗಿಲು ನಿಜಕ್ಕೂ ಯಾರಿಗಾಗಿ ತೆರೆದಿದೆ ಎಂಬ ಪ್ರಶ್ನೆಯನ್ನು ಒಬ್ಬ ಬಾಲಕನು ಎತ್ತಿದ್ದನು. 1856ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಹುಡುಗನೊಬ್ಬನ ಪರವಾಗಿ ಮುಂಬಯಿ ಸರಕಾರಕ್ಕೆ ಒಂದು ಅರ್ಜಿ ಹೋಯಿತು. ವಾಡಿಕೆಯ ಶುಲ್ಕವನ್ನು ಕೊಡಲು ತಾನು ಸಿದ್ಧನಿದ್ದರೂ ಧಾರವಾಡದ ಸರಕಾರಿ ಶಾಲೆಯಲ್ಲಿ ತನಗೆ ಪ್ರವೇಶ ದೊರೆಯಲಿಲ್ಲವೆಂಬುದೇ ಅವನ ದೂರು. ಜುಲೈ 21ರಂದು ಸರಕಾರ ಉತ್ತರವಿತ್ತಿತು. ನ್ಯಾಯವು ಹುಡುಗನ ಪಕ್ಷದಲ್ಲಿದೆ ಎಂದು ಅದು ಒಪ್ಪಿತು. ಆದರೆ ಒಬ್ಬನಿಗಾಗಿ ಅವನನ್ನು ಒಳಗೆ ಸೇರಿಸಿದರೆ ಉಳಿದವರೆಲ್ಲ ಶಾಲೆ ಬಿಟ್ಟಾರೆಂಬ ಭಯದಿಂದ ಅರ್ಜಿಯನ್ನು ತಳ್ಳಿಹಾಕಿತು. ನ್ಯಾಯವೆಂದು ತಿಳಿದೂ ಕೊಡದ ನ್ಯಾಯವಿದು. ವಿಷಯ ಕಲಕತ್ತೆಗೆ ಹೋಯಿತು. ಬಂಗಾಳದ ಯಾವ ಸರಕಾರಿ ಶಾಲೆಯಲ್ಲಿಯೂ ಈ ಹುಡುಗನನ್ನು ನಿರಾಕರಿಸುತ್ತಿರಲಿಲ್ಲವೆಂಬ ಅಭಿಪ್ರಾಯ 1857ರ ಜನವರಿಯಲ್ಲಿ ಗವರ್ನರ್ ಜನರಲರ ಕಡೆಯಿಂದ ಬಂತು. 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಂಪನಿಯ ನಿರ್ದೇಶಕ ಮಂಡಳಿಯು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ವಿಧಿಸಿತು.

ತತ್ತ್ವವೇನೋ ಕಾಗದದಲ್ಲಿ ಗೆದ್ದಿತು. ಆದರೆ ಕಾಗದದ ಮಾತು ಹಳ್ಳಿಯ ಶಾಲೆಯವರೆಗೆ ನಡೆದು ಬರಲು ಬಹುಕಾಲ ಹಿಡಿಯಿತು. ಒಳಗೆ ಪಾಠ ನಡೆಯುವಾಗ ಹೊರಗಿನ ಪಡಸಾಲೆಯಲ್ಲಿ, ಕಿಟಕಿಯ ಪಕ್ಕದಲ್ಲಿ ಕುಳಿತು ಕೇಳಿ ಕಲಿತ ಮಕ್ಕಳು ಮುಂಬಯಿ ಪ್ರಾಂತದಲ್ಲಿ ಒಬ್ಬಿಬ್ಬರಲ್ಲ. 1882ರ ಹಂಟರ್ ಆಯೋಗವು 1858ರ ತತ್ತ್ವವನ್ನು ಮತ್ತೊಮ್ಮೆ ಎತ್ತಿಹಿಡಿಯಿತಾದರೂ ಜಾರಿಗೆ ತರುವಲ್ಲಿ ನಿಧಾನವೇ ಲೇಸೆಂದಿತು. 1923ರಲ್ಲಿ ಎಸ್. ಕೆ. ಬೋಲೆಯವರು ಮಂಡಿಸಿದ ಗೊತ್ತುವಳಿಯನ್ನು ಮುಂಬಯಿ ಶಾಸನಸಭೆ ಅಂಗೀಕರಿಸಿ, ಕೆರೆ ಬಾವಿಗಳೊಡನೆ ಸಾರ್ವಜನಿಕ ಶಾಲೆಗಳೂ ಅಸ್ಪೃಶ್ಯರೆನಿಸಿದವರಿಗೆ ಮುಕ್ತವೆಂದು ಸಾರಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿತು.

ಮರಳು ಹೋಗಿ ಪಾಟಿ ಬಂತು, ಪಾಟಿ ಹೋಗಿ ಪುಸ್ತಕ ಬಂತು. ಕಲಿಸುವ ಸಾಧನಗಳು ಇನ್ನೂ ಬದಲಾಗುತ್ತಲೇ ಇವೆ. ಹಳೆಯ ಮಠದ ಒಕ್ಕೊರಲಿನ ಮಗ್ಗಿ, ಹಿರಿಯ ಹುಡುಗ ಕಿರಿಯನಿಗೆ ಹೇಳಿಕೊಡುವ ಪದ್ಧತಿ ಇಂದಿಗೂ ಬೆಲೆಯುಳ್ಳವೇ. ಆದರೆ ಎಂಥ ಒಳ್ಳೆಯ ಪಾಠವೂ ಹೊಸ್ತಿಲ ಹೊರಗೆ ನಿಂತವನಿಗೆ ಪಾಠವಾಗದು. ಪೈರಿನ ಕೆಲಸಕ್ಕೆಂದು ಬಿಡಿಸಲ್ಪಟ್ಟ ಹುಡುಗನಿಗಾಗಲಿ, ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿದ ಹುಡುಗಿಗಾಗಲಿ ಈ ಮಾತು ಇಂದಿಗೂ ಸಲ್ಲುತ್ತದೆ.

ಅಂದಿನ ಸರಕಾರಿ ವರದಿಯು ಧಾರವಾಡದ ಆ ಬಾಲಕನನ್ನು ಅವನ ಜಾತಿಯಿಂದಷ್ಟೇ ಗುರುತಿಸಿತು, ಹೆಸರಿನಿಂದಲ್ಲ. ಆದರೆ ಇಂದು ನಮ್ಮ ಹಳ್ಳಿಯ ಶಾಲೆಗಳಲ್ಲಿ ಹಾಜರಿ ಕೂಗುವಾಗ ಪ್ರತಿ ಮಗುವಿನ ಹೆಸರೂ ಕೇಳಿಬರುತ್ತದೆ. ಆ ಹಾಜರಿಪುಸ್ತಕದಲ್ಲಿ ಅವನ ಋಣವೂ ಇದೆಯೆಂಬುದನ್ನು ನಾವು ಮರೆಯಬಾರದು.